ಭಾರ ಹಾಕಿದ ಮೇಲೆ

ಕಷ್ಟ ಕೈಮೀರಿದಾಗ ನಮ್ಮಲ್ಲಿ ಎಲ್ಲ ಮತದವರೂ ಆಡುವ ಮಾತೊಂದಿದೆ: ‘ದೇವರ ಮೇಲೆ ಭಾರ ಹಾಕಿದ್ದೇವೆ.’ ಡಾಕ್ಟರು ಇನ್ನೆರಡು ದಿನ ಕಾದು ನೋಡೋಣ ಅಂದಾಗ, ಎಲ್ಲೂ ಸಾಲ ಹುಟ್ಟದಿದ್ದಾಗ, ಬಿತ್ತಿದ ಮೇಲೆ ಮಳೆ ಕೈಕೊಟ್ಟಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಬೈಬಲಿನ ಕೀರ್ತನೆಗಳಲ್ಲೂ ಚಿಂತೆಯೆಂದರೆ ದೇವರ ಮೇಲೆ ಹಾಕಬೇಕಾದ ಭಾರವೇ. ಆದರೆ ಹಾಗೆ ಭಾರ ಹಾಕಿದವರ ಮುಖ ನೋಡಿದರೆ ಹಗುರಾದವರಂತೆ ಕಾಣುವುದಿಲ್ಲ. ರಾತ್ರಿ ಅವರಿಗೆ ನಿದ್ದೆಯೂ ಬರುವುದಿಲ್ಲ. ಹಾಗಾದರೆ ಅವರು ಭಾರ ಹಾಕಿಯೇ ಇಲ್ಲವೆ?

ಪೂರ್ತಿ ನಂಬಿದವರಿಗೆ ನೆಮ್ಮದಿ ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ನಂಬಿಕೆಯಲ್ಲೇ ಎಲ್ಲೋ ಕೊರತೆಯಿದೆ ಎನ್ನುವ ಲೆಕ್ಕ ಕ್ರೈಸ್ತ ಉಪದೇಶಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಲೆಕ್ಕ ನನಗೆ ತಪ್ಪೆನಿಸುತ್ತದೆ, ಕ್ರೂರ ಎಂದೂ ಅನಿಸುತ್ತದೆ. ಹೊರೆ ಹೊತ್ತು ದಣಿದವರನ್ನು ವಿಶ್ರಾಂತಿಗೆಂದು ಕರೆದವನು ಯೇಸು. ಬಂದವರಿಗೆ ‘ನೀನು ಸರಿಯಾಗಿ ವಿಶ್ರಮಿಸುತ್ತಿಲ್ಲ’ ಎಂದು ಗದರಿದರೆ ಅವರ ತಲೆಯ ಮೇಲೆ ಇನ್ನೊಂದು ಮೂಟೆ ಏರಿಸಿದಂತಾಗುತ್ತದೆ.

ಈ ವಿಷಯ ಯೋಚಿಸುವಾಗಲೆಲ್ಲ ನನಗೆ ಲಿಸ್ಯೂ ಊರಿನ ತೆರೇಸಾ ನೆನಪಾಗುತ್ತಾಳೆ. ನಮ್ಮ ಊರುಗಳಲ್ಲಿ ‘ಲಿಟಲ್ ಫ್ಲವರ್’ ಹೆಸರಿನ ಶಾಲೆಯನ್ನೋ ಚರ್ಚನ್ನೋ ಕಂಡವರಿಗೆ ಆಕೆ ತೀರ ಅಪರಿಚಿತಳಲ್ಲ. ಆ ಪುಟ್ಟ ಹೂವು ಈಕೆಯೇ. 1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದಳು, 15ನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿದಳು, 1897ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆಕೆಗೆ 24. ಆ ಕಾಲಕ್ಕೆ ಸಿರಿವಂತರ ಕಟ್ಟಡಗಳಿಗೆ ಹೊಸದಾಗಿ ಬಂದಿದ್ದ ಲಿಫ್ಟು ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಪರಿಪೂರ್ಣತೆಯ ಮೆಟ್ಟಿಲು ಹತ್ತಲು ತಾನು ತೀರ ಚಿಕ್ಕವಳು, ತನ್ನನ್ನು ಎತ್ತಿಕೊಳ್ಳುವ ಯೇಸುವಿನ ತೋಳುಗಳೇ ತನ್ನ ಲಿಫ್ಟು ಎಂದು ಬರೆದಳು. ಇಷ್ಟಕ್ಕೇ ನಿಲ್ಲಿಸಿದರೆ ಇದು ಕ್ಯಾಲೆಂಡರಿನ ಚಿತ್ರದಂತೆ ಚೆಂದ, ಸಿಹಿ ಮಾತ್ರ ಸ್ವಲ್ಪ ಜಾಸ್ತಿ.

ನನಗೆ ಅದಕ್ಕಿಂತ ಇಷ್ಟವಾಗುವುದು ಆಕೆಯ ತೂಕಡಿಕೆ. ಪ್ರಾರ್ಥನೆಗೆ ಕೂತಾಗ ನಿದ್ದೆ ಎಳೆಯುತ್ತಿತ್ತು. ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಸನ್ಯಾಸಿನಿಯೊಬ್ಬಳು ಇದಕ್ಕಾಗಿ ಕೊರಗಬೇಕು. ಈಕೆ ಕೊರಗಲಿಲ್ಲ. ಮಲಗಿದ ಮಗುವಿನ ಮೇಲೆ ಹೆತ್ತವರ ಪ್ರೀತಿ ಕಡಿಮೆಯಾಗುತ್ತದೆಯೆ, ಆಪರೇಷನ್ನಿಗೆ ಮುಂಚೆ ವೈದ್ಯರೇ ರೋಗಿಯನ್ನು ಮಲಗಿಸುವುದಿಲ್ಲವೆ ಎನ್ನುವುದು ಆಕೆಯ ವಾದ. ಸೋಮಾರಿತನಕ್ಕೆ ಒಳ್ಳೆಯ ನೆಪ ಎಂದು ನಗಬಹುದು. ನಕ್ಕ ಮೇಲೂ ಒಂದು ವಿಷಯ ಉಳಿಯುತ್ತದೆ: ತನ್ನ ಪ್ರಾರ್ಥನೆಗೆ ತಾನೇ ಅಂಕ ಕೊಟ್ಟುಕೊಳ್ಳುವ ಕೆಲಸವನ್ನು ಆಕೆ ಬಿಟ್ಟುಬಿಟ್ಟಿದ್ದಳು. ಕನ್ನಡದಲ್ಲಿ ನಿದ್ದೆ ‘ಬರುತ್ತದೆ’. ಹಾಸಿಗೆ ಹಾಸಿ ಮಲಗುವುದಷ್ಟೇ ನಮ್ಮ ಪಾಲಿನ ಕೆಲಸ. ನಂಬಿಕೆಯೂ ಬರುತ್ತದೆ, ಆದರೆ ಅದನ್ನು ‘ಇಡುತ್ತೇವೆ’ ಎಂದೂ ಅನ್ನುತ್ತೇವೆ. ಬಂದದ್ದು ಬಂದ ಹಾಗೆಯೇ ಹೋಗಬಹುದು. ಇಟ್ಟದ್ದರ ಮಾತು ಬೇರೆ: ಇಟ್ಟವರ ಮನಸ್ಸು ಆಮೇಲೆ ಎಷ್ಟೇ ಅಲ್ಲಾಡಿದರೂ, ಅವರೇ ವಾಪಸು ತೆಗೆದುಕೊಳ್ಳುವವರೆಗೆ ಅದು ಇಟ್ಟಲ್ಲೇ ಇರುತ್ತದೆ.

ಈ ವ್ಯತ್ಯಾಸ ತೆರೇಸಾಳಿಗೆ ಕೊನೆಗೆ ಬಹಳ ದುಬಾರಿಯಾಯಿತು. 1896ರ ಶುಭಶುಕ್ರವಾರದ ಹಿಂದಿನ ರಾತ್ರಿ ಮೊದಲ ಸಲ ಕೆಮ್ಮಿನಲ್ಲಿ ರಕ್ತ ಬಂತು. ಸ್ವರ್ಗ ಹತ್ತಿರವಾಯಿತೆಂದು ಖುಷಿಪಟ್ಟಳಂತೆ. ಕೆಲವೇ ದಿನಗಳಲ್ಲಿ, ಈಸ್ಟರಿನ ಹೊತ್ತಿಗೆ, ಸ್ವರ್ಗದ ಯೋಚನೆಯೇ ಕತ್ತಲಾಯಿತು. ಸತ್ತ ಮೇಲೆ ಏನೂ ಇಲ್ಲ ಎಂದು ಒಳಗಿನಿಂದ ಅಣಕಿಸುವ ದನಿ. ಸಾಯುವವರೆಗೂ, ಅಂದರೆ ಸುಮಾರು ಒಂದೂವರೆ ವರ್ಷ, ಈ ಕತ್ತಲು ಹೆಚ್ಚುಕಡಿಮೆ ಹಾಗೇ ಇತ್ತು. ಆಗಲೂ ಸ್ವರ್ಗದ ಸುಖದ ಬಗ್ಗೆ ಹಾಡು ಕಟ್ಟುತ್ತಿದ್ದಳು. ಆದರೆ ಆ ಸುಖ ತನಗೆ ಒಂದಿಷ್ಟೂ ಅನುಭವಕ್ಕೆ ಬರುತ್ತಿಲ್ಲ, ತಾನು ಹಾಡುತ್ತಿರುವುದು ನಂಬಲು ಬಯಸುವುದನ್ನು ಮಾತ್ರ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟಳು. ವಿಶ್ವಾಸ ಪ್ರಮಾಣವನ್ನು ತನ್ನ ರಕ್ತದಲ್ಲೇ ಬರೆದು ಎದೆಯ ಬಳಿ ಇಟ್ಟುಕೊಂಡಿದ್ದಳು. ಆರಾಮಾಗಿ ನಂಬಿಕೊಂಡಿರುವವರು ಹಾಗೆಲ್ಲ ಬರೆದಿಟ್ಟುಕೊಳ್ಳುವುದಿಲ್ಲ.

ಸುಮಾರು ಇದನ್ನೇ ಇನ್ನೊಬ್ಬ ತೆರೇಸಾ ದಶಕಗಳ ಕಾಲ ಅನುಭವಿಸಿದರು. ಲಿಸ್ಯೂವಿನ ಈ ಹುಡುಗಿಯ ಹೆಸರನ್ನೇ ಇಟ್ಟುಕೊಂಡಿದ್ದ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ಅವರಿಗೆ ನಂಬಿಕೆಯೇ ಇರಲಿಲ್ಲ ಎಂದವರಿದ್ದರು. ನಂಬಿಕೆಯನ್ನು ಬರೀ ಒಂದು ಹಿತವಾದ ಭಾವನೆ ಎಂದುಕೊಂಡರೆ ಹಾಗನ್ನಿಸುವುದು ಸಹಜವೇ.

ಸಂತರನ್ನು ಬಿಟ್ಟು ಸುವಾರ್ತೆಗಳನ್ನೇ ನೋಡೋಣ. ಬಿರುಗಾಳಿಗೆ ದೋಣಿಯಲ್ಲಿ ನೀರು ತುಂಬುತ್ತಿರುವಾಗ ಯೇಸು ಮಲಗಿದ್ದಾನೆ. ತಲೆಗೆ ದಿಂಬಿತ್ತು ಎನ್ನುವುದನ್ನೂ ಮಾರ್ಕ ಮರೆಯದೆ ಹೇಳುತ್ತಾನೆ. ಶಿಷ್ಯರು ಗಾಬರಿಯಿಂದ ಎಬ್ಬಿಸುತ್ತಾರೆ. (ತನ್ನ ದೋಣಿಯಲ್ಲೂ ಯೇಸು ನಿದ್ದೆ ಮಾಡುತ್ತಿದ್ದಾನೆ, ಎಬ್ಬಿಸುವುದಿಲ್ಲ ಎನ್ನುವುದು ತೆರೇಸಾಳ ನಿಲುವು.) ಉಪದೇಶಗಳಲ್ಲಿ ವಿಶ್ರಾಂತಿಯ ಮಾತು ಬಂದರೆ ಈ ದೋಣಿಯೂ ಬರುತ್ತದೆ. ಗೆತ್ಸೆಮನೆ ತೋಟವನ್ನು ಅದರ ಪಕ್ಕದಲ್ಲಿ ಇಟ್ಟು ನೋಡುವವರು ಕಡಿಮೆ. ಅಲ್ಲಿ ಎಲ್ಲ ಅದಲುಬದಲು. ಮಲಗಿರುವವರು ಶಿಷ್ಯರು. ಎಚ್ಚರವಿದ್ದು ಸಂಕಟಪಡುತ್ತಿರುವವನು, ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡುತ್ತಿರುವವನು ಯೇಸು. ದೋಣಿಯಲ್ಲಿದ್ದವನಿಗೆ ತಂದೆಯ ಮೇಲಿದ್ದ ನಂಬಿಕೆ ತೋಟದಲ್ಲಿದ್ದವನಿಗೆ ಕಡಿಮೆಯಾಗಿತ್ತು ಎಂದು ಯಾವ ಕ್ರೈಸ್ತನೂ ಹೇಳಲಾರ. ಹಾಗಿದ್ದ ಮೇಲೆ ನಿದ್ದೆಗೆಟ್ಟ ರಾತ್ರಿಯನ್ನು ಅವಿಶ್ವಾಸದ ಗುರುತೆಂದು ಹೇಗೆ ಓದುವುದು?

ಇನ್ನೊಂದು ಮಾತು. ‘ದೇವರ ಮೇಲೆ ಭಾರ ಹಾಕಿದ್ದೇನೆ’ ಎನ್ನುವುದಕ್ಕೂ ‘ದೇವರ ಮೇಲೆ ಭಾರ ಹಾಕು’ ಎನ್ನುವುದಕ್ಕೂ ಬಹಳ ದೂರ. ಎರಡನೆಯದನ್ನು ಹೆಚ್ಚಾಗಿ ಹೇಳುವವರು, ಭಾರಕ್ಕೆ ತಾವೂ ಒಂದು ಕೈ ಹಚ್ಚಬಹುದಾಗಿದ್ದವರು. ಯೋಬನ ಗೆಳೆಯರು ಏಳು ದಿನ ಅವನ ಜೊತೆ ಸುಮ್ಮನೆ ನೆಲದ ಮೇಲೆ ಕೂತಿದ್ದರು. ಅಷ್ಟು ಹೊತ್ತೂ ಅವರು ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟ ಮೇಲೆ ಕೆಟ್ಟರು. ಕೊನೆಗೆ ದೇವರು ಸರಿಯೆಂದು ಒಪ್ಪಿದ್ದು, ದೇವರೊಂದಿಗೇ ಜಗಳಕ್ಕೆ ನಿಂತಿದ್ದ ಯೋಬನ ಮಾತನ್ನು.

ತೆರೇಸಾ ಸಾಯುವ ಕಾಲಕ್ಕೆ ನೋವು ಸಹಿಸಲಾಗದಷ್ಟಿತ್ತು. ಆಗ ಆಕೆ ಆರೈಕೆ ಮಾಡುತ್ತಿದ್ದವರಿಗೆ ಒಂದು ಎಚ್ಚರಿಕೆ ಕೊಟ್ಟಳು. ಇಂಥ ನೋವಿರುವ ರೋಗಿಗಳ ಪಕ್ಕದಲ್ಲಿ ವಿಷವಾಗಬಲ್ಲ ಔಷಧಿಗಳನ್ನು ಇಡಬೇಡಿ, ಬುದ್ಧಿ ಕೈತಪ್ಪಲು ಒಂದು ಕ್ಷಣ ಸಾಕು ಎಂದಳು.