ಹೊಗೆಯ ಬೆಲೆ, ಪಾಪದ ಲೆಕ್ಕ

ಅಮೆರಿಕದ ಈಶಾನ್ಯ ಮತ್ತು ನಡು ಅಟ್ಲಾಂಟಿಕ್ ಕರಾವಳಿಯ ಹತ್ತು ರಾಜ್ಯಗಳು ಕೂಡಿ ನಡೆಸುತ್ತಿದ್ದ ಒಂದು ವ್ಯವಸ್ಥೆಯನ್ನು ವರ್ಜೀನಿಯಾ ರಾಜ್ಯವು 2021ರ ಜನವರಿ 1ರಂದು ಸೇರಿದಾಗ, ದಕ್ಷಿಣದ ರಾಜ್ಯವೊಂದು ತನ್ನ ವಿದ್ಯುತ್ ಸ್ಥಾವರಗಳ ಹೊಗೆಗೆ ಮೊದಲ ಬಾರಿಗೆ ಮಿತಿಯನ್ನೂ ಬೆಲೆಯನ್ನೂ ಗೊತ್ತುಮಾಡಿದಂತಾಯಿತು. ‘ರೀಜನಲ್ ಗ್ರೀನ್‌ಹೌಸ್ ಗ್ಯಾಸ್ ಇನಿಶಿಯೇಟಿವ್’ ಎಂಬುದು ಈ ವ್ಯವಸ್ಥೆಯ ಪೂರ್ಣ ಹೆಸರು. ಅಲ್ಲಿನವರು ಅದರ ಮೊದಲಕ್ಷರಗಳನ್ನು ಕೂಡಿಸಿ ‘ರೆಜಿ’ ಎನ್ನುತ್ತಾರೆ. ಏಳು ರಾಜ್ಯಗಳ ಗವರ್ನರುಗಳು 2005ರ ಡಿಸೆಂಬರಿನಲ್ಲಿ ಮಾಡಿಕೊಂಡ ಒಡಂಬಡಿಕೆಯಿಂದ ಹುಟ್ಟಿದ ಈ ಕೂಟ, ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲಗಳನ್ನು ಸುಡುವ, 25 ಮೆಗಾವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಸಾಮರ್ಥ್ಯದ ಘಟಕಗಳಿಗೆ ಅನ್ವಯಿಸುತ್ತದೆ. ಎಲ್ಲ ಘಟಕಗಳೂ ಸೇರಿ ವರ್ಷಕ್ಕೆ ಇಷ್ಟೇ ಇಂಗಾಲದ ಡೈಆಕ್ಸೈಡ್ ಬಿಡಬಹುದೆಂದು ಮೊದಲು ಒಂದು ಮಿತಿ ಹಾಕಲಾಗುತ್ತದೆ. ಆ ಮಿತಿಯೊಳಗಿನ ಪ್ರತಿ ಟನ್ನಿಗೂ ಒಂದರಂತೆ ಅನುಮತಿಪತ್ರಗಳನ್ನು ಹೊರಡಿಸಿ, ಅವುಗಳಲ್ಲಿ ಬಹುಪಾಲನ್ನು ಮೂರು ತಿಂಗಳಿಗೊಮ್ಮೆ ಹರಾಜಿಗೆ ಇಡಲಾಗುತ್ತದೆ. ಕೊಂಡವರು ಅವನ್ನು ಉಳಿಸಿಟ್ಟುಕೊಳ್ಳಬಹುದು, ಮಾರಬಹುದು. ಆದರೆ ಅವಧಿ ಮುಗಿದಾಗ ತಾವು ಬಿಟ್ಟ ಹೊಗೆಗೆ ಸಮನಾದ ಪತ್ರಗಳನ್ನು ಸರ್ಕಾರಕ್ಕೆ ಒಪ್ಪಿಸಲೇಬೇಕು. 2008ರ ಸೆಪ್ಟೆಂಬರಿನ ಮೊದಲ ಹರಾಜಿನಲ್ಲಿ ಒಂದು ಟನ್ನಿನ ಪತ್ರಕ್ಕೆ ನಿಂತ ಬೆಲೆ 3 ಡಾಲರ್ 7 ಸೆಂಟ್.

ಅರ್ಥಶಾಸ್ತ್ರಜ್ಞರಿಗೆ ಇದು ಕೇವಲ ಒಂದು ಉಪಾಯ: ಹೊಗೆಯನ್ನು ಎಲ್ಲಿ ಕಡಿಮೆ ಖರ್ಚಿನಲ್ಲಿ ತಗ್ಗಿಸಲು ಸಾಧ್ಯವೋ ಅಲ್ಲಿಯೇ ತಗ್ಗುವಂತೆ ಮಾಡುವ ದಾರಿ. ಧರ್ಮದ ಕಣ್ಣಿನಿಂದ ನೋಡುವವರಿಗೆ ಮಾತ್ರ ಇದರಲ್ಲಿ ಒಂದು ಹಳೆಯ ಕಸಿವಿಸಿ ಎದ್ದು ಕಾಣುತ್ತದೆ. ತಪ್ಪೆಂದು ತಿಳಿದೂ ಮಾಡುವ ಕೆಲಸಕ್ಕೆ ಹಣ ಕಟ್ಟಿ ಅನುಮತಿ ಪಡೆಯಬಹುದಾದರೆ ಅದು ತಪ್ಪಾಗಿ ಉಳಿಯುತ್ತದೆಯೇ? ಹದಿನಾರನೆಯ ಶತಮಾನದ ಆರಂಭದಲ್ಲಿ ರೋಮಿನ ಸಂತ ಪೀಟರನ ದೇವಾಲಯದ ನಿರ್ಮಾಣಕ್ಕಾಗಿ ಜರ್ಮನ್ ನಾಡುಗಳಲ್ಲಿ ಪಾಪದಂಡನೆಯ ವಿನಾಯಿತಿ ಪತ್ರಗಳು ಮಾರಾಟವಾದಾಗ, ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ ಆಕ್ಷೇಪದ ತಿರುಳೂ ಇದೇ ಆಗಿತ್ತು. ತತ್ತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ 1997ರ ಡಿಸೆಂಬರಿನಲ್ಲಿ, ಹವಾಮಾನದ ಕುರಿತ ಕ್ಯೋಟೋ ಮಾತುಕತೆಯ ವೇಳೆಗೆ ಸರಿಯಾಗಿ ಬರೆದ ಲೇಖನವೊಂದರಲ್ಲಿ ದಂಡಕ್ಕೂ ಶುಲ್ಕಕ್ಕೂ ಇರುವ ಅಂತರವನ್ನು ತೋರಿಸಿಕೊಟ್ಟರು: ದಂಡ ಕಟ್ಟುವವನ ಮೇಲೆ ಸಮಾಜದ ನಿಂದೆ ಇರುತ್ತದೆ, ಶುಲ್ಕ ಕಟ್ಟುವವನ ಮೇಲೆ ಇರುವುದಿಲ್ಲ, ಮಾಲಿನ್ಯವನ್ನು ಶುಲ್ಕದ ವಿಷಯವಾಗಿಸಿದರೆ ಅದಕ್ಕೆ ಅಂಟಿಕೊಂಡಿರಬೇಕಾದ ಕಳಂಕ ಅಳಿಸಿಹೋಗುತ್ತದೆ ಎಂಬುದು ಅವರ ವಾದ. ಪೋಪ್ ಫ್ರಾನ್ಸಿಸ್ 2015ರ ‘ಲೌದಾತೋ ಸೀ’ ಎಂಬ ಧರ್ಮಪತ್ರದಲ್ಲಿ ಇಂಗಾಲದ ಕ್ರೆಡಿಟ್ಟುಗಳ ವ್ಯಾಪಾರ ಹೊಸಬಗೆಯ ಸಟ್ಟಾಕ್ಕೆ ದಾರಿಯಾಗಬಹುದೆಂದೂ, ಬದುಕಿನ ರೀತಿಯಲ್ಲಿ ಆಗಬೇಕಾದ ಮೂಲಭೂತ ಬದಲಾವಣೆಯನ್ನು ಅದು ತರಲಾರದೆಂದೂ ಎಚ್ಚರಿಸಿದರು.

ಈ ಆಕ್ಷೇಪಗಳನ್ನು ತೂಗಿ ನೋಡಲು ಕನ್ನಡ ನೆಲದಲ್ಲಿಯೇ ರಚಿತವಾದ ಒಂದು ಗ್ರಂಥ ನೆರವಿಗೆ ಬರುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬ್ರಿಟಿಷರ ಕಾಲದ ನ್ಯಾಯಾಲಯಗಳು ದಾಯಭಾಗದ ವ್ಯಾಜ್ಯಗಳಿಗಾಗಿ ಈ ಗ್ರಂಥವನ್ನು ಆಶ್ರಯಿಸಿದ ಕಾರಣ ಆಸ್ತಿ ಹಂಚಿಕೆಯ ನಿಯಮಗಳಿಗಷ್ಟೇ ಅದರ ಹೆಸರು ಅಂಟಿಕೊಂಡಿದೆ. ಆದರೆ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಅದರ ಮೂರು ಕಾಂಡಗಳಲ್ಲಿ ಕೊನೆಯದರಲ್ಲಿ ಬರುವ ಪಾಪವಿಚಾರ ಇಂದಿಗೂ ಓದತಕ್ಕದ್ದು. ತಿಳಿಯದೆ ಮಾಡಿದ ಪಾಪವು ಪ್ರಾಯಶ್ಚಿತ್ತದಿಂದ ಕಳೆಯುತ್ತದೆ, ಬೇಕೆಂದೇ ಮಾಡಿದವನು ಮಾತ್ರ ಪ್ರಾಯಶ್ಚಿತ್ತದಿಂದ ಸಮಾಜದೊಡನೆ ವ್ಯವಹರಿಸಲು ಯೋಗ್ಯನಾಗುತ್ತಾನೆ ಎಂಬುದು ಮೂಲ ಸ್ಮೃತಿಯ ಅಭಿಪ್ರಾಯ. ಇದನ್ನು ವಿವರಿಸುವಾಗ ವಿಜ್ಞಾನೇಶ್ವರನು ಪಾಪಕ್ಕೆ ಎರಡು ಶಕ್ತಿಗಳಿವೆ ಎನ್ನುತ್ತಾನೆ. ಒಂದು, ಕರ್ತೃವನ್ನು ನರಕಕ್ಕೆ ಎಳೆಯುವ ಶಕ್ತಿ; ಇನ್ನೊಂದು, ಅವನು ಇತರರೊಡನೆ ಕೊಡುಕೊಳ್ಳುವ ವ್ಯವಹಾರವನ್ನು ತಡೆಯುವ ಶಕ್ತಿ. ಎರಡನೆಯದು ತೊಲಗಿದ ಮಾತ್ರಕ್ಕೆ ಮೊದಲನೆಯದೂ ತೊಲಗಿತೆಂದು ಭಾವಿಸುವಂತಿಲ್ಲ.

ರೋಮಿನ ವಿನಾಯಿತಿ ಪತ್ರಗಳನ್ನು ಕಂಡು ಇಲ್ಲಿನ ಪರಂಪರೆ ನಿರಾಳವಾಗಿ ಉಸಿರಾಡುವಂತಿಲ್ಲ ಎಂಬುದನ್ನೂ ಹೇಳಬೇಕು. ಹನ್ನೆರಡು ದಿನ ಆಹಾರವನ್ನು ಕ್ರಮವಾಗಿ ಕಡಿಮೆ ಮಾಡುತ್ತ, ಕೊನೆಗೆ ಉಪವಾಸವಿದ್ದು ನಡೆಸುವ ಪ್ರಾಜಾಪತ್ಯ ಕೃಚ್ಛ್ರವೆಂಬ ವ್ರತವನ್ನು ಮಾಡಲು ಶಕ್ತಿಯಿಲ್ಲದವನು ಒಂದು ಗೋವನ್ನು ದಾನ ಮಾಡಬಹುದು, ಗೋವು ಸಿಗದಿದ್ದರೆ ಅದರ ಬೆಲೆಯನ್ನು ಕೊಡಬಹುದು ಎಂಬ ಬದಲಿ ವಿಧಾನವನ್ನು ಧರ್ಮಶಾಸ್ತ್ರಕಾರರು ಒಪ್ಪಿದ್ದರು. ವ್ರತದಿಂದ ಗೋವಿಗೆ, ಗೋವಿನಿಂದ ನಾಣ್ಯಕ್ಕೆ ಜಾರುವ ಈ ದಾರಿಯಲ್ಲಿ ಉಳ್ಳವನ ಪಶ್ಚಾತ್ತಾಪ ಹಗುರವಾಗುತ್ತದೆಂಬ ಅನುಮಾನ ಸಹಜ. ಆದುದರಿಂದ ಹಣ ಕೊಟ್ಟು ದೋಷ ಕಳೆಯುವ ಆಸೆಯನ್ನು ಒಂದು ಮತದ ತಲೆಗೆ ಕಟ್ಟುವುದು ನ್ಯಾಯವಲ್ಲ.

ವಿಜ್ಞಾನೇಶ್ವರನ ವಿವೇಚನೆಯನ್ನು ವರ್ಜೀನಿಯಾದ ಸ್ಥಾವರಗಳಿಗೆ ಅನ್ವಯಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ. ಚಿಮಣಿಯಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಾವಿರಾರು ವರ್ಷ ವಾಯುಮಂಡಲದಲ್ಲಿ ಉಳಿದು ಭೂಮಿಯನ್ನು ಕಾಯಿಸುತ್ತದೆ. ಕೊಂಡ ಅನುಮತಿಪತ್ರ ಅದರಲ್ಲಿ ಒಂದು ಅಣುವನ್ನೂ ಹಿಂದಕ್ಕೆ ಕರೆಯದು. ಕರ್ಮದ ಫಲ ಕೊಡುವ ಶಕ್ತಿ ಹಾಗೆಯೇ ಇದೆ. ಪತ್ರ ಮಾಡುವುದು ಎರಡನೆಯ ಕೆಲಸವನ್ನಷ್ಟೇ: ಒಪ್ಪಿತ ಮಿತಿಯೊಳಗೆ ವಿದ್ಯುತ್ ಉತ್ಪಾದಿಸಿ ಮಾರಲು ಆ ಸ್ಥಾವರಕ್ಕೆ ಯೋಗ್ಯತೆ ಕೊಡುವುದು. ರೆಜಿಯ ಮಾದರಿ ನಿಯಮಾವಳಿಯೂ ಅಚ್ಚರಿಯಾಗುವಷ್ಟು ವಿನಯದಿಂದ ಇದನ್ನೇ ಹೇಳುತ್ತದೆ. ಅದರ ಪ್ರಕಾರ ಅನುಮತಿಪತ್ರವು ಒಂದು ಸೀಮಿತ ಪರವಾನಗಿಯೇ ಹೊರತು ಆಸ್ತಿಯ ಹಕ್ಕಲ್ಲ. ಆಕಾಶವನ್ನು ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ. ಸ್ಯಾಂಡೆಲ್ ಬೇಡಿದ ನಿಂದೆಯ ಅಂಶವೂ ಅಲ್ಲಿ ಪೂರ್ತಿಯಾಗಿ ಮಾಯವಾಗಿಲ್ಲ, ಏಕೆಂದರೆ ಒಪ್ಪಿಸಬೇಕಾದ ಪತ್ರಗಳಿಲ್ಲದೆ ಹೊಗೆ ಬಿಟ್ಟವನು ಹೆಚ್ಚುವರಿಯಾದ ಪ್ರತಿ ಟನ್ನಿಗೆ ಮೂರು ಪತ್ರಗಳನ್ನು ತೆರಬೇಕಾಗುತ್ತದೆ. ಮಿತಿಯ ಒಳಗೆ ಶುಲ್ಕ, ಮಿತಿ ಮೀರಿದರೆ ದಂಡ. ತಪ್ಪಿರುವುದು ಪತ್ರದಲ್ಲಲ್ಲ, ಪತ್ರವನ್ನು ಪಾಪನಾಶಕವೆಂದು ಬಗೆಯುವ ಮನಸ್ಸಿನಲ್ಲಿ.

ಹೀಗಿರುವಾಗ ನೈತಿಕ ಭಾರವೆಲ್ಲ ಹರಾಜಿನ ಮೇಲಲ್ಲ, ಮಿತಿಯ ಮೇಲೆ ಬೀಳುತ್ತದೆ. ಎಷ್ಟು ಹೊಗೆ ಸಾಕು ಎಂದು ತನಗೆ ತಾನೇ ಗೆರೆ ಎಳೆದುಕೊಳ್ಳುವುದು ಒಂದು ಸಮಾಜ ಕೈಗೊಳ್ಳಬಹುದಾದ ಸಂಯಮದ ವ್ರತ. ಆ ಗೆರೆ ಸಡಿಲವಾದರೆ ಮುಂದಿನದೆಲ್ಲ ಬರಿಯ ಲೆಕ್ಕಪತ್ರ. ರೆಜಿಯ ಮೊದಲ ವರ್ಷಗಳು ಇದಕ್ಕೆ ಸಾಕ್ಷಿ. 2009ರಲ್ಲಿ ಹತ್ತು ರಾಜ್ಯಗಳಿಗೆ ಸೇರಿ ಹಾಕಿದ ಮಿತಿ ಸುಮಾರು 18.8 ಕೋಟಿ ಟನ್. ಆರ್ಥಿಕ ಹಿಂಜರಿತ ಬಂದು, ಕಲ್ಲಿದ್ದಲು ಮತ್ತು ತೈಲದ ಜಾಗಕ್ಕೆ ಅಗ್ಗದ ಅನಿಲ ಬಂದುದರಿಂದ ನಿಜವಾದ ಹೊಗೆ ಆ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಹಸಿವಿಲ್ಲದ ಹೊತ್ತಿನಲ್ಲಿ ಮಾಡಿದ ಉಪವಾಸದಂತೆ, ಮಿತಿ ಯಾರನ್ನೂ ಬಾಧಿಸಲಿಲ್ಲ. ಸದಸ್ಯ ರಾಜ್ಯಗಳು ಇದನ್ನು ಮನಗಂಡು 2014ರ ಮಿತಿಯನ್ನು 9.1 ಕೋಟಿ ಟನ್ನಿಗೆ ಇಳಿಸಿದ ಮೇಲೆಯೇ ವ್ಯವಸ್ಥೆಗೆ ಹಲ್ಲು ಬಂತು. ಇನ್ನೊಂದು ಲೋಪ ಇಷ್ಟು ಸುಲಭಕ್ಕೆ ತಿದ್ದುವಂಥದ್ದಲ್ಲ: ವಿದ್ಯುತ್ ತಂತಿಗೆ ರಾಜ್ಯದ ಗಡಿ ಗೊತ್ತಿಲ್ಲದ ಕಾರಣ, ಕೂಟದ ಒಳಗೆ ಒಂದು ಸ್ಥಾವರ ಕಡಿಮೆ ಉರಿದರೆ ಹೊರಗಿನ ರಾಜ್ಯದಲ್ಲಿ ಇನ್ನೊಂದು ಹೆಚ್ಚು ಉರಿಯಬಹುದು. ಆಗ ಸಂಯಮದ ಹೆಸರು ಒಬ್ಬರಿಗೆ, ಹೊಗೆ ಎಲ್ಲರಿಗೆ.

ವ್ರತದ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಇನ್ನೂ ಹತ್ತಿರದ ಪ್ರಶ್ನೆ. ವರ್ಜೀನಿಯಾದಲ್ಲಿ ಪತ್ರಗಳ ಖರ್ಚು ಗ್ರಾಹಕರ ವಿದ್ಯುತ್ ಬಿಲ್ಲಿಗೆ ಸೇರಿತು. ಗಳಿಕೆ ಎಷ್ಟೇ ಇರಲಿ ದೀಪ ಹಚ್ಚಲೇಬೇಕಾದ ಮನೆಗಳಿಗೆ ಇದು ಹೆಚ್ಚು ಭಾರವೆಂದು ಗವರ್ನರ್ ಗ್ಲೆನ್ ಯಂಗ್‌ಕಿನ್ ಆಕ್ಷೇಪಿಸಿದ್ದರಲ್ಲಿ ಹುರುಳಿತ್ತು. ಆದರೆ 2020ರ ಕಾನೂನು ಹರಾಜಿನ ಹಣದ ಅರ್ಧವನ್ನು ಬಡವರ ಮನೆಗಳಲ್ಲಿ ಶಕ್ತಿ ಉಳಿಸುವ ಕೆಲಸಗಳಿಗೂ, ಶೇ. 45ನ್ನು ನೆರೆ ತಡೆಯುವ ನಿಧಿಗೂ ಮೀಸಲಿಟ್ಟಿತ್ತು. ಕಡಲು ಏರುತ್ತ, ನೆಲ ಕುಸಿಯುತ್ತ ಇರುವ ನಾರ್ಫೋಕ್‌ನಂಥ ಕರಾವಳಿ ನಗರಕ್ಕೆ ಈ ನಿಧಿ ಬೇಕಾದದ್ದು ಸರಿಯೇ. ಆದರೆ 2021ರ ಆಗಸ್ಟ್ ಕೊನೆಯಲ್ಲಿ ನೆರೆ ನುಗ್ಗಿದ್ದು ಕಡಲಿನಿಂದ ಬಹುದೂರದ, ಕಲ್ಲಿದ್ದಲ ಗಣಿಗಳ ಬ್ಯುಕ್ಯಾನನ್ ಕೌಂಟಿಯ ಹರ್ಲಿ ಎಂಬ ಕಣಿವೆ ಊರಿಗೆ. ಮನೆ ಕಳೆದುಕೊಂಡ ಕುಟುಂಬಗಳಿಗೆ ನೇರ ನೆರವು ನೀಡಲು ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಒಪ್ಪಲಿಲ್ಲ. ಕೊನೆಗೆ ರಾಜ್ಯದ ಶಾಸನಸಭೆ ಪರಿಹಾರಕ್ಕೆಂದು ತೆಗೆದಿಟ್ಟದ್ದು ರೆಜಿಯಿಂದ ಬಂದ ಹಣವನ್ನು. ಕಲ್ಲಿದ್ದಲಿನ ಮೇಲೆ ಬಿದ್ದ ಬೆಲೆಯೇ ಕಲ್ಲಿದ್ದಲ ಊರಿನವರಿಗೆ ಸೂರು ಕಟ್ಟಿಕೊಡಲು ಒದಗಿದ ಈ ಸಂಗತಿಯಲ್ಲಿ, ಹಣ ಪಾಪವನ್ನು ತೊಳೆಯದಿದ್ದರೂ ನೊಂದವರ ಕಡೆಗೆ ಹರಿಯಬಲ್ಲದು ಎಂಬುದು ಕಾಣುತ್ತದೆ. ಗೋದಾನಕ್ಕೂ ಸಮರ್ಥನೆ ಇರುವುದಾದರೆ ಅದು ಇಲ್ಲಿಯೇ.

ತಪ್ಪು ಬಯಲಾದವನು ತನಗೆ ತಾನೇ ಪ್ರಾಯಶ್ಚಿತ್ತವನ್ನು ಗೊತ್ತುಮಾಡಿಕೊಳ್ಳದೆ, ಪರಿಷತ್ತಿನ ಎದುರು ನಿಂತು, ಅದು ವಿಧಿಸಿದ ವ್ರತವನ್ನು ನಡೆಸಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ವಿದ್ಯುತ್ ಸ್ಥಾವರಗಳ ದೋಷ ಎಂದೋ ಬಯಲಾಗಿದೆ. ಅವು ಬಿಡುವ ಹೊಗೆಯನ್ನು ಚಿಮಣಿಯ ಮಾಪಕಗಳು ಅಥವಾ ಸುಟ್ಟ ಇಂಧನದ ಲೆಕ್ಕ ದಾಖಲಿಸುತ್ತದೆ, ಆ ದಾಖಲೆ ಸಾರ್ವಜನಿಕರಿಗೆ ಸಿಗುತ್ತದೆ. ಈ ದೋಷಕ್ಕೆ ವ್ರತ ವಿಧಿಸುವ ಪರಿಷತ್ತು ಯಾವುದು? ವರ್ಜೀನಿಯಾದಲ್ಲಿ ಶಾಸನಸಭೆ ಸೇರಿಸಿದ್ದನ್ನು ಯಂಗ್‌ಕಿನ್ ಆಡಳಿತವು ವಾಯುಮಾಲಿನ್ಯ ಮಂಡಳಿಯ ಮೂಲಕ ಕಿತ್ತು, 2023ರ ಅಂತ್ಯಕ್ಕೆ ರಾಜ್ಯವನ್ನು ಕೂಟದಿಂದ ಹೊರತಂದಿತು; ಅದು ಕಾನೂನಿಗೆ ವಿರುದ್ಧವೆಂದು ಫ್ಲಾಯ್ಡ್ ಕೌಂಟಿಯ ನ್ಯಾಯಾಲಯ 2024ರ ನವೆಂಬರಿನಲ್ಲಿ ತೀರ್ಪಿತ್ತಿತು. ಪೆನ್ಸಿಲ್ವೇನಿಯಾದಲ್ಲಿ ಇದರ ತಿರುವುಮುರುವು: ಅಲ್ಲಿ ಗವರ್ನರ್ ಟಾಮ್ ವುಲ್ಫ್ ಆಡಳಿತವೇ ನಿಯಮ ರಚಿಸಿ 2022ರಲ್ಲಿ ಸೇರಲು ಹೊರಟಿತು, ಇದು ತೆರಿಗೆಯಾದ್ದರಿಂದ ಶಾಸನಸಭೆಯೇ ವಿಧಿಸಬೇಕೆಂದು 2023ರ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು, 2025ರ ನವೆಂಬರಿನ ಆಯವ್ಯಯದ ಒಪ್ಪಂದದಲ್ಲಿ ಶಾಸನಸಭೆಯೇ ಆ ನಿಯಮವನ್ನು ತೊಡೆದುಹಾಕಿತು.

ವ್ರತವನ್ನು ಕಟ್ಟುವ, ಬಿಚ್ಚುವ ಅಧಿಕಾರ ಒಬ್ಬನದಲ್ಲ, ಸಭೆಯದು ಎಂಬುದರಲ್ಲಿ ಎರಡೂ ತೀರ್ಪುಗಳು ಸ್ಮೃತಿಕಾರನ ಜೊತೆಗೇ ನಿಲ್ಲುತ್ತವೆ. ಆದರೆ ಸ್ಮೃತಿಯ ಪರಿಷತ್ತಿನಲ್ಲಿ ಕೂರುವವರು ಪಾಪ ಮಾಡಿದವನಿಂದ ಬೇರೆಯಾದವರು, ಧರ್ಮ ತಿಳಿದವರು ಎಂಬ ಊಹೆ ಇತ್ತು. ಈ ಎರಡು ರಾಜ್ಯಗಳ ರಾಜಧಾನಿಗಳಾದ ಹ್ಯಾರಿಸ್‌ಬರ್ಗ್ ಮತ್ತು ರಿಚ್ಮಂಡ್ ನಗರಗಳ ಶಾಸನಸಭೆಗಳಲ್ಲಿ ಕೂತವರು, ಅವರನ್ನು ಆರಿಸಿ ಕಳಿಸಿದವರು, ಸ್ಥಾವರದ ವಿದ್ಯುತ್ತಿನಲ್ಲಿ ಮನೆ ಬೆಳಗಿಸಿಕೊಂಡವರು ಎಲ್ಲರೂ ಒಂದೇ ಗುಂಪಿನವರು. ಹೊಗೆಯ ಫಲವನ್ನು ಉಣ್ಣಬೇಕಾದವರಲ್ಲಿ ಬಹುಪಾಲು ಜನ ಬೇರೆ ದೇಶಗಳಲ್ಲಿದ್ದಾರೆ ಅಥವಾ ಇನ್ನೂ ಹುಟ್ಟಿಲ್ಲ, ಮತ್ತು ಅವರ ಪರವಾಗಿ ಆ ಸಭೆಗಳಲ್ಲಿ ಒಂದು ಮತವೂ ಇಲ್ಲ.