ಮಿಲೋನ ಊಟ, ಮಸ್ಟ್ಯಾಂಗ್‌ನ ಎಣ್ಣೆ

ಕಳೆದ ಮೇ ತಿಂಗಳ ಒಂದು ರಾತ್ರಿ ನನ್ನ ರೂಮ್‌ಮೇಟ್ ಎರಡು ಆಯಿಲ್ ಕ್ಯಾನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು, "ನೀನು ಫಿಲಾಸಫಿ ಓದ್ತೀಯಲ್ಲ, ಯಾವ್ದು ಹಾಕ್ಲಿ ಹೇಳು" ಎಂದ. ಒಂದರ ಮೇಲೆ 5ಡಬ್ಲ್ಯೂ-20 ಎಂದಿತ್ತು, ಇನ್ನೊಂದರ ಮೇಲೆ 5ಡಬ್ಲ್ಯೂ-50. ಅವನು ಹರಿಹರದವನು, ಇಲ್ಲಿ ಒಹಾಯೊದಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಸ್ಟೈಪೆಂಡಿನಲ್ಲಿ ಉಳಿಸಿದ್ದನ್ನೆಲ್ಲ ಸುರಿದು 2012ರ ಒಂದು ಮಸ್ಟ್ಯಾಂಗ್ ಜಿಟಿಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡಿದ್ದ. ದುಡ್ಡು ಕಟ್ಟಿದರೆ ನಮ್ಮಂಥವರಿಗೂ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಗಳು ಇಲ್ಲಿ ಬೇಸಿಗೆಯಲ್ಲಿರುತ್ತವೆ. ಅವನ ಒಂದು ವರ್ಷದ ಆಸೆಯೆಲ್ಲ ಆ ದಿನಗಳ ಮೇಲೆ.

ಅವನ ತೊಡಕು ಇದು. ಕಾರಿನ ಜತೆ ಬಂದ ಕೈಪಿಡಿ 5ಡಬ್ಲ್ಯೂ-20 ಹಾಕು ಎನ್ನುತ್ತದೆ. ಆದರೆ ಅದೇ ವರ್ಷ ಅದೇ ಫೋರ್ಡ್ ಕಂಪನಿ ಅದೇ ಐದು ಲೀಟರ್ ಎಂಜಿನ್ನಿನ ಇನ್ನೂ ಬಿರುಸಾದ ರೂಪವನ್ನು ಬಾಸ್ 302 ಎಂಬ ಹೆಸರಿನಲ್ಲಿ ಮಾರಿತು. ಅದರ ಕೈಪಿಡಿಯಲ್ಲಿರುವುದು 5ಡಬ್ಲ್ಯೂ-50. "ಹಂಗಾದ್ರೆ ಯಾವ ಪುಸ್ತಕ ನಿಜ ಹೇಳ್ತೈತಿ?" ಎಂಬುದು ಅವನ ಪ್ರಶ್ನೆ. ಕಂಪನಿಯವರು ಸುಳ್ಳು ಹೇಳುತ್ತಾರೆ ಎಂಬ ಅನುಮಾನ ಅವನಿಗೆ ಮೊದಲಿನಿಂದಲೂ ಇತ್ತು.

ಆ ಅಂಕಿಗಳ ಅರ್ಥ ನನಗೆ ಗೊತ್ತಿರಲಿಲ್ಲ. ಅವನೇ ಹೇಳಿಕೊಟ್ಟ. ಡಬ್ಲ್ಯೂ ಎಂದರೆ ಚಳಿಗಾಲ, ಅದರ ಮುಂಚಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎನ್ನುವುದಕ್ಕೆ. ಕೊನೆಯ ಅಂಕಿ ಎಂಜಿನ್ ಕಾದ ಮೇಲಿನದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರ ಎಣ್ಣೆಯ ಸ್ನಿಗ್ಧತೆ 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗಿರಬೇಕು, 50ರದ್ದು 16.3ರಿಂದ 21.9ರೊಳಗೆ. ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ. ಇನ್ನೊಂದು ಪರೀಕ್ಷೆಯಲ್ಲಿ ಎಣ್ಣೆಯನ್ನು 150 ಡಿಗ್ರಿಗೆ ಕಾಯಿಸಿ, ಕಿರಿದಾದ ಸಂದಿಯಲ್ಲಿ ಜೋರಾಗಿ ತಿಕ್ಕಿ ಅಳೆಯುತ್ತಾರೆ. ಅಲ್ಲಿ 20ರದ್ದು 2.6 ಮಿಲಿಪಾಸ್ಕಲ್-ಸೆಕೆಂಡಿಗಿಂತ ಕಡಿಮೆಯಾಗಬಾರದು, 50ರದ್ದು 3.7ಕ್ಕಿಂತ. ನಾವು ಕುಡಿಯುವ ತಣ್ಣೀರಿನದು ಸುಮಾರು 1. ಅಷ್ಟು ತೆಳ್ಳಗಿನ ಪೊರೆಯೊಂದು ನಾನೂರು ಕುದುರೆಶಕ್ತಿಯ ಎಂಜಿನ್ನಿನಲ್ಲಿ ಲೋಹ ಲೋಹಕ್ಕೆ ತಾಗದಂತೆ ಹಿಡಿದಿರುತ್ತದೆ ಎಂದಾಗ ನನಗೆ ನಂಬಿಕೆಯಾಗಲಿಲ್ಲ.

ನಂಬದವನು ನಾನೊಬ್ಬನೇ ಅಲ್ಲ. 1880ರ ದಶಕದ ಆರಂಭದಲ್ಲಿ ಬೋಶಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲ್ವೆ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೊಂದು ತೂತು ಕೊರೆಸಿದ. ಅಚ್ಚು ತಿರುಗತೊಡಗಿದ ಕೂಡಲೇ ಎಣ್ಣೆ ಒಳಗೆ ಇಳಿಯುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಅದನ್ನೂ ನೂಕಿ ಹೊರಹಾಕಿತು. ತಿರುಗುವ ಅಚ್ಚು ಎಣ್ಣೆಯನ್ನು ತಾನೇ ಎಳೆದುಕೊಂಡು, ಅದರ ಒತ್ತಡದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬರೆದ. ಎಣ್ಣೆ ಗಟ್ಟಿಯಾದಷ್ಟೂ, ಅಚ್ಚು ವೇಗವಾದಷ್ಟೂ ಪೊರೆ ದಪ್ಪ. ಭಾರ ಹೆಚ್ಚಿದಷ್ಟೂ ತೆಳು. ನಮ್ಮ ತಾತ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದಾಗಲೂ ಒಳಗೆ ನಡೆಯುತ್ತಿದ್ದದ್ದು ಇದರ ಬಡ ರೂಪವೇ ಇರಬೇಕು. ಸಂಸ್ಕೃತದಲ್ಲಿ ಸ್ನೇಹ ಎಂದರೆ ಎಣ್ಣೆಯೂ ಹೌದು, ಗೆಳೆತನವೂ ಹೌದು. ನಮ್ಮ ಪಠ್ಯಪುಸ್ತಕದ 'ಸ್ನಿಗ್ಧತೆ'ಯೂ ಆ ಮೂಲದ್ದೇ. ಇದನ್ನು ಹೇಳಿದರೆ ಅವನು ನಕ್ಕು, "ಅದೆಲ್ಲ ಇರ್ಲಿ, ಗಟ್ಟಿದು ಹಾಕ್ತೀನಿ" ಎಂದ.

ಅಷ್ಟು ಸುಲಭವಲ್ಲ ಎಂದು ಅವನಿಗೇ ಗೊತ್ತಿತ್ತು. ಗಟ್ಟಿ ಎಣ್ಣೆ ತನ್ನನ್ನು ತಾನೇ ತಿಕ್ಕಿಕೊಂಡು ಬಿಸಿಯಾಗುತ್ತದೆ, ಸಂದಿಗಳಲ್ಲಿ ನಿಧಾನವಾಗಿ ಹರಿಯುವುದರಿಂದ ಶಾಖವನ್ನು ಹೊತ್ತೊಯ್ಯುವುದೂ ಕಡಿಮೆ. ತೆಳು ಎಣ್ಣೆ ಚೆನ್ನಾಗಿ ಹರಿಯುತ್ತದೆ, ಆದರೆ ಮಿತಿ ಮೀರಿ ಕಾದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಅತಿಯೂ ಕೆಡುಕು, ಕೊರತೆಯೂ ಕೆಡುಕು.

ಇಲ್ಲಿ ನನಗೆ ಮಾತಾಡಲು ಜಾಗ ಸಿಕ್ಕಿತು. ನಾನು ಸಂಶೋಧನೆ ಮಾಡುತ್ತಿರುವುದು ಅರಿಸ್ಟಾಟಲನ ನೀತಿಶಾಸ್ತ್ರದ ಮೇಲೆ. ಮಧ್ಯಮ ಮಾರ್ಗ ಎಂದರೆ ಎರಡು ತುದಿಗಳ ನಡುವಿನ ಲೆಕ್ಕದ ಸರಾಸರಿಯಲ್ಲ ಎಂದು ಹೇಳಲು ಅವನು ಕೊಡುವ ಉದಾಹರಣೆ ಊಟದ್ದು. ಒಬ್ಬನಿಗೆ ಹತ್ತು ಮಿನಾ ತೂಕದ ಆಹಾರ ಹೆಚ್ಚು, ಎರಡು ಕಡಿಮೆ ಎಂದ ಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಬಡಿಸುವುದಿಲ್ಲ. ಪೈಲ್ವಾನ ಮಿಲೋನಿಗೆ ಆರು ಸಾಲದು, ಹೊಸದಾಗಿ ಗರಡಿಗೆ ಬಂದವನಿಗೆ ಅದೇ ಆರು ಹೆಚ್ಚು. ನಡು ಎಲ್ಲಿದೆ ಎನ್ನುವುದನ್ನು ತಿನ್ನುವವನನ್ನು ನೋಡಿ ಹೇಳಬೇಕು.

ಹಾಗಿದ್ದರೆ ಕೈಪಿಡಿ ಯಾರನ್ನು ನೋಡಿ ಬರೆದದ್ದು? ಅಮೆರಿಕದಲ್ಲಿ 1975ರ ಕಾನೂನಿನ ಪ್ರಕಾರ, ಒಂದು ಕಂಪನಿ ಮಾರುವ ಕಾರುಗಳೆಲ್ಲ ಸೇರಿ ಸರಾಸರಿ ಇಂತಿಷ್ಟು ಮೈಲೇಜ್ ಕೊಡಲೇಬೇಕು. ತೆಳು ಎಣ್ಣೆಯಿಂದ ಒಂದು ಕಾರಿನಲ್ಲಿ ಉಳಿಯುವ ಪೆಟ್ರೋಲು ಅತ್ಯಲ್ಪ, ಲಕ್ಷಾಂತರ ಕಾರುಗಳಲ್ಲಿ ಬಹಳ. ತೆಳು ಎಣ್ಣೆ ಬಳಕೆಗೆ ಬಂದ ಕಾರಣಗಳಲ್ಲಿ ಇದೂ ಒಂದು. ಇದರಲ್ಲಿ ಮೋಸವೇನಿಲ್ಲ. ಗಾಳಿ ಎಲ್ಲರದು, ಅದರ ಲೆಕ್ಕವನ್ನೂ ಯಾರಾದರೂ ಹಾಕಬೇಕು. ರಸ್ತೆಯಲ್ಲಿ ಓಡುವ ಜಿಟಿಗೆ 20ರ ಎಣ್ಣೆ ಸಾಕು ಎಂಬುದೂ ಸುಳ್ಳಲ್ಲ. ಕೈಪಿಡಿ ಗೆಳೆಯನ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿರಲಿಲ್ಲ, ಬೇರೊಬ್ಬನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿತ್ತು.

ನಿಯಮ ಎಲ್ಲರಿಗೂ ಒಟ್ಟಾಗಿ ಮಾತಾಡುವುದರಿಂದ ಕೆಲವು ಕಡೆ ಎಡವುತ್ತದೆ, ಅಲ್ಲಿ ನಿಯಮ ಬರೆದವನೇ ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದ ಎಂದು ಕೇಳಿಕೊಳ್ಳಬೇಕು ಎನ್ನುತ್ತಾನೆ ಅರಿಸ್ಟಾಟಲ್. ಲೆಸ್ಬೋಸ್ ದ್ವೀಪದ ಕಲ್ಲುಕುಟಿಗರ ಸೀಸದ ಅಳತೆಪಟ್ಟಿಯನ್ನು ನೆನೆಯುತ್ತಾನೆ. ಅದು ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತಿತ್ತು. ಗೆಳೆಯನಿಗೆ ಇದು ಬಹಳ ಹಿಡಿಸಿತು. "ಬರೆದೋರು ಬಾಸ್ 302ರ ಪುಸ್ತಕದಾಗೆ ಹೇಳೇಬಿಟ್ಟಾರಲ್ಲ!" ಎಂದ.

ನನಗೆ ಮಾತ್ರ ಆ ಹೊತ್ತಿಗೆ ನಾಲಗೆ ಕಟ್ಟಿತು. ಏಪ್ರಿಲಿನಲ್ಲಿ ನಾನು ಸಹಾಯಕ ಬೋಧಕನಾಗಿದ್ದ ನೀತಿಶಾಸ್ತ್ರದ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಬಂಧವನ್ನು ಇಪ್ಪತ್ತಾರು ನಿಮಿಷ ತಡವಾಗಿ ಕಳಿಸಿದಳು. ಗೋದಾಮಿನಲ್ಲಿ ರಾತ್ರಿ ಪಾಳಿ, ಹೆಚ್ಚುವರಿ ಎರಡು ಗಂಟೆ ನಿಲ್ಲಿಸಿಕೊಂಡರು ಎಂದು ಬರೆದಿದ್ದಳು. ತಡವಾದರೆ ಒಂದು ದರ್ಜೆ ಇಳಿಸಬೇಕೆಂದು ಸಿಲಬಸ್ಸಿನಲ್ಲಿತ್ತು, ಇಳಿಸಿದೆ. "ನಿಯಮ ಎಲ್ಲರಿಗೂ ಒಂದೇ" ಎಂದು ಒಂದು ಸಾಲು ಉತ್ತರ ಬರೆದೆ. ಆ ವಾರ ನಾವು ಓದುತ್ತಿದ್ದದ್ದು ಸೀಸದ ಪಟ್ಟಿ ಬರುವ ಅಧ್ಯಾಯವನ್ನೇ. ನ್ಯಾಯದ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದು ಹೇಳಲಾರೆ. ನಿಯಮದ ಪ್ರಕಾರ ನಡೆದರೆ ತಪ್ಪು ನಿಯಮದ್ದು, ಬಾಗಿದರೆ ನನ್ನದು. ನನ್ನದಾಗುವುದು ಬೇಡವಿತ್ತು. ವಾರಂಟಿ ಮುಗಿದ ಕಾರಿನವನಿಗೆ ಆ ಸವಲತ್ತು ಇರುವುದಿಲ್ಲ.

ಹಾಗೆಂದು ಬಾಗಿದ್ದೆಲ್ಲ ವಿವೇಕವೂ ಅಲ್ಲ. ತಾನು ಮಿಲೋ ಎಂದುಕೊಳ್ಳದವರು ಯಾರಿದ್ದಾರೆ? ವಾರಕ್ಕೊಮ್ಮೆ ಹೈವೇಯಲ್ಲಿ ಕಾಲು ಗಂಟೆ ಜೋರಾಗಿ ಓಡಿಸಿ, ತನ್ನದು ರೇಸ್ ಕಾರು ಎಂದು ಅತಿ ಗಟ್ಟಿ ಎಣ್ಣೆ ಸುರಿಯುವವರು ಬೇಕಾದಷ್ಟಿದ್ದಾರೆ. ವಿನಾಯಿತಿ ಕೇಳುವವನು ಮೊದಲು ತನ್ನ ದಿನಗಳನ್ನು ಎಣಿಸಬೇಕು.

ಗೆಳೆಯ ಎಣಿಸಿದ. ಹಿಂದಿನ ವರ್ಷ ಟ್ರ್ಯಾಕಿಗೆ ಹೋದದ್ದು ನಾಲ್ಕು ದಿನ, ಎಂಜಿನ್ ನಿಜಕ್ಕೂ ಬೆವರಿದ್ದು ಒಟ್ಟು ಆರು ಗಂಟೆ. ಆ ಗಂಟೆಗಳಲ್ಲಿ ಅವನು ಬೇರೆಯಾಗಿ ಹಾಕಿಸಿದ್ದ ಗೇಜಿನಲ್ಲಿ ಎಣ್ಣೆ 138 ಡಿಗ್ರಿ ಮುಟ್ಟಿತ್ತು. ಉಳಿದ ದಿನವೆಲ್ಲ ಏಳು ಕಿಲೋಮೀಟರ್ ದೂರದ ಕ್ಯಾಂಪಸ್ಸಿಗೆ ಹೋಗಿ ಬಂದದ್ದು, ಅದರಲ್ಲಿ ಅರ್ಧ ಹಿಮದಲ್ಲಿ. ಹಳೆಯ ಎಣ್ಣೆಯನ್ನು ಒಂದು ಲ್ಯಾಬಿಗೆ ಕಳಿಸಿದ. ಎಣ್ಣೆ ಪೂರ್ತಿ ಕಾಯದ ಸಣ್ಣ ಓಡಾಟಗಳಿಂದ ಅದರಲ್ಲಿ ಪೆಟ್ರೋಲು ಬೆರೆತು 20ಕ್ಕಿಂತಲೂ ತೆಳುವಾಗಿದೆ ಎಂದು ವರದಿ ಬಂತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, "ರೇಸರ್ ಅಂದ್ಕೊಂಡಿದ್ದೆ. ಹಾಲು ತರೋ ಗಾಡಿ ಇದು" ಎಂದ.

ಬಾಸ್ 302ರಲ್ಲಿ ಎಣ್ಣೆ ತಣಿಸುವ ಕೂಲರ್ ಇದೆ, ಅವನದರಲ್ಲಿ ಇರಲಿಲ್ಲ. ಬರೀ 50 ಎಂಬ ಅಂಕಿಯನ್ನು ನಕಲು ಮಾಡಿದ್ದರೆ ಅರ್ಧ ಉತ್ತರ ನಕಲು ಮಾಡಿದಂತಾಗುತ್ತಿತ್ತು. ಜೂನ್ ಮತ್ತು ಜುಲೈಯಲ್ಲಿ ದುಡ್ಡು ಕೂಡಿಸಿ ಮೊದಲು ಕೂಲರ್ ಹಾಕಿಸಿದ. ಆಮೇಲೆ ಹುಡುಕಿ ತಂದದ್ದು ಒಂದು 5ಡಬ್ಲ್ಯೂ-30. ಅದೇ 30ರಲ್ಲೂ ಬಿಸಿ ಪರೀಕ್ಷೆಯಲ್ಲಿ 3.5 ದಾಟುವ ಬಗೆಯದು, ಅದನ್ನು ಡಬ್ಬದ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ಓದಬೇಕು. ಟ್ರ್ಯಾಕಿನಲ್ಲಿ ನಾಲ್ಕು ಸುತ್ತಿಗೊಮ್ಮೆ ಒಂದು ಸುತ್ತು ನಿಧಾನ, ಚಳಿಗಾಲಕ್ಕೆ ಮುಂಚೆ ಎಣ್ಣೆ ಬದಲು. ಮೇಜಿನ ಮೇಲಿದ್ದ ಎರಡೂ ಕ್ಯಾನು ಅಂಗಡಿಗೆ ವಾಪಸ್ ಹೋದವು. ಇದೇ ಸರಿ ಎಂದು ಅವನೂ ಖಾತ್ರಿ ಹೇಳುವುದಿಲ್ಲ, ಮುಂದಿನ ವರದಿ ನೋಡೋಣ ಎನ್ನುತ್ತಾನೆ.

ನವೆಂಬರಿನ ಮೊದಲ ಭಾನುವಾರ ಅವನು ಪಾರ್ಕಿಂಗ್ ಜಾಗದಲ್ಲಿ ಕಾರಿನಡಿ ಮಲಗಿ ಎಣ್ಣೆ ಇಳಿಸುತ್ತಿದ್ದ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಮೇಲೆ ಬಂದು ಕೈ ತೊಳೆದು ಆ ವಿದ್ಯಾರ್ಥಿನಿಗೆ ಮೇಲ್ ಬರೆದೆ. ದರ್ಜೆ ತಿದ್ದಲು ವಿಭಾಗಕ್ಕೆ ಕೇಳಿಕೊಳ್ಳುತ್ತೇನೆ ಎಂದೆ, ವಾರಕ್ಕೆ ಎಷ್ಟು ರಾತ್ರಿ ಪಾಳಿ ಇರುತ್ತದೆ ಎಂದು ಕೇಳಿದೆ. ಏಪ್ರಿಲಿನಲ್ಲೇ ಕೇಳಬಹುದಾಗಿದ್ದ ಪ್ರಶ್ನೆ. ಉತ್ತರ ಇನ್ನೂ ಬಂದಿಲ್ಲ.