ಹೊಗೆಯ ಹಿಂದಿನ ಹನಿ

ಸಿಗ್ನಲ್‌ನಲ್ಲಿ ಕಾರು ನಿಂತಿದ್ದಾಗ ಪಕ್ಕದ ಆಟೋದವರು ಕಿಟಕಿ ತಟ್ಟಿ, "ಸಾರ್, ಬಾನೆಟ್ ಸಂದಿಯಿಂದ ಹೊಗೆ ಬರ್ತಿದೆ ನೋಡಿ" ಎಂದರು. ನನ್ನ ಹೆಂಡತಿ ಎರಡು ವಾರದಿಂದ ಹೇಳುತ್ತಲೇ ಇದ್ದಳು, "ಎಣ್ಣೆ ಸೀದ ವಾಸನೆ ರೀ, ಬಾಣಲೆಯನ್ನ ಒಲೆ ಮೇಲೆ ಮರೆತ ಹಾಗೆ." ಕಾರನ್ನು ಬದಿಗೆ ಹಾಕಿ, ಇಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ನಿಂತೆವು. ತೆಳ್ಳನೆಯ ನೀಲಿ ಹೊಗೆ. ಐದು ನಿಮಿಷದಲ್ಲಿ ತಾನೇ ಅಡಗಿತು. ಕಾರು ಓಡುವಾಗ ಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತಿತ್ತು, ನಿಂತಾಗಲೇ ಕಣ್ಣಿಗೆ ಬೀಳುತ್ತಿತ್ತು. ಹಸಿರು ದೀಪ ಬಂದರೂ ಆ ಆಟೋದವರು ಹೊರಡದೆ, ನಾವು ಬದಿಗೆ ಸರಿಯುವವರೆಗೂ ಹಿಂದಿನ ಗಾಡಿಗಳಿಗೆ ಕೈ ಅಡ್ಡ ಹಿಡಿದಿದ್ದರು. ಅವರಿಗೆ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ವಾಸನೆಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ: ಸೀದದ್ದು, ಕಮಟು, ಘಾಟು, ಮುಗ್ಗಲು, ಹಳಸಲು. ಅಡುಗೆಮನೆಯಲ್ಲಿ ಪಳಗಿದ ಮೂಗು ಬಾನೆಟ್ ಮುಂದೆಯೂ ಕೆಲಸಕ್ಕೆ ಬರುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಇಂಜಿನ್ ಆಯಿಲ್ ತೊಟ್ಟಿಕ್ಕಿದರೆ ಎಣ್ಣೆ ಸೀದ ವಾಸನೆ. ಪಾಕದಂಥ ಸಿಹಿ ವಾಸನೆಯ ಜೊತೆ ಬಿಳಿ ಹಬೆ ಎದ್ದರೆ ಕೂಲೆಂಟ್ ಸೋರುತ್ತಿದೆ. ಘಾಟಿ ಹತ್ತುವಾಗ ಅರ್ಧ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಲ್ಲಿಸಿದರೆ ಕಾಗದ ಸುಟ್ಟಂಥ ಕಮಟು. ಪ್ಲಾಸ್ಟಿಕ್ ಕರಗಿದ ಘಾಟು ವೈರಿನದು, ಅದರ ಹಿಂದೆ ಎಷ್ಟೋ ಸಲ ಇಲಿಯ ಹಲ್ಲು ಇರುತ್ತದೆ. ಪೆಟ್ರೋಲ್ ವಾಸನೆ ಮಾತ್ರ ನಿಂತು ಪರೀಕ್ಷಿಸುವಂಥದ್ದಲ್ಲ. ಇಂಜಿನ್ ಆರಿಸಿ, ಮತ್ತೆ ಕೀ ತಿರುಗಿಸದೆ, ದೂರ ಹೋಗಿ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕು. ಇನ್ನು, ಹಬೆ ಎದ್ದ ಕೂಡಲೇ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವವರನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಉಕ್ಕಿ ಮುಖಕ್ಕೇ ಹಾರುತ್ತದೆ. ಕುಕ್ಕರಿನ ಪ್ರೆಷರ್ ಇಳಿಯಲಿ ಎಂದು ಕಾಯುತ್ತೇವಲ್ಲ, ಇಲ್ಲಿಯೂ ಅರ್ಧ ಗಂಟೆಯಾದರೂ ಕಾಯಬೇಕು.

ಮೊದಲು ತೋರಿಸಿದ ಕಡೆ ಒಂದು ಹೋಸ್ ಪೈಪ್ ಬದಲಾಯಿಸಿ ಕಳಿಸಿದರು. ವಾರದೊಳಗೆ ಮತ್ತೆ ಅದೇ ವಾಸನೆ. ಆಮೇಲೆ ನಮ್ಮ ಬೀದಿಯ ಕೊನೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಯಾವ ಭಾಗವನ್ನೂ ಬಿಚ್ಚಲಿಲ್ಲ. "ಇಷ್ಟು ಕೊಳೆಯೊಳಗೆ ಹಳೇ ಎಣ್ಣೆ ಯಾವುದು, ಇವತ್ತು ಸೋರಿದ್ದು ಯಾವುದು ಅಂತ ಹೇಗೆ ಗೊತ್ತಾಗಬೇಕು ಸಾರ್? ಮೊದಲು ಒರೆಸಬೇಕು" ಎಂದರು. ಇಂಜಿನ್ ತಣ್ಣಗಾದ ಮೇಲೆ ವರ್ಷಗಳ ಜಿಡ್ಡನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದು, ಮುಖಕ್ಕೆ ಹಚ್ಚುವ ಪೌಡರನ್ನು ಅಲ್ಲಲ್ಲಿ ಉದುರಿಸಿ, ಎರಡು ದಿನ ಓಡಿಸಿ ತನ್ನಿ ಎಂದರು. ಮೂರನೆಯ ದಿನ ಬಾನೆಟ್ ಎತ್ತಿದಾಗ ಆ ಬಿಳುಪಿನಲ್ಲಿ ಕಡ್ಡಿಯಷ್ಟು ಅಗಲದ ಒಂದು ಕಂದು ಗೆರೆ. ಟಾರ್ಚ್ ಹಿಡಿದು ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿದರು. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಅದು ಮುಗಿಯಿತು. ಅಲ್ಲಿದ್ದ ರಬ್ಬರ್ ಪ್ಯಾಕಿಂಗ್ ಬಿಸಿಗೆ ಒಣಗಿ, ಬೆರಳಲ್ಲಿ ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಸೋರುತ್ತಿದ್ದುದು ಮೇಲೆ, ಸುಡುತ್ತಿದ್ದುದು ಕೆಳಗೆ. ನಾವೆಲ್ಲ ನೋಡಿದ್ದು ಸುಡುವ ಜಾಗವನ್ನು ಮಾತ್ರ.

ಹೊಗೆ ಕಂಡರೆ ಬೆಂಕಿಯನ್ನು ಊಹಿಸಬಹುದು ಎಂಬುದು ತರ್ಕ ಕಲಿಯುವವರ ಮೊದಲ ಉದಾಹರಣೆ. ಅನ್ನಂಭಟ್ಟನ ತರ್ಕಸಂಗ್ರಹದಲ್ಲೂ ಬೆಟ್ಟದ ಹೊಗೆಗೆ ಅಡುಗೆಮನೆಯ ಒಲೆಯೇ ಸಾಕ್ಷಿ. ಅದೇ ಗ್ರಂಥದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಬೆಂಕಿ ಇದ್ದ ಮಾತ್ರಕ್ಕೆ ಹೊಗೆ ಇರಬೇಕಿಲ್ಲ, ಹಸಿ ಸೌದೆ ಸೇರಿದಾಗಲೇ ಹೊಗೆ. ಇಂಜಿನ್ ಬಿಸಿಯಾಗುವುದು ಸಹಜ, ಅದರ ತಪ್ಪಲ್ಲ. ಆ ಬಿಸಿಗೆ ತಾಗುತ್ತಿರುವ ಹಸಿ ಯಾವುದು ಎಂದು ಹುಡುಕಬೇಕು. ಅದೇ ತಿಂಗಳು ನಮ್ಮ ಮಗಳು ಶಾಲೆಯಿಂದ ಬಂದವಳೇ ಎಲ್ಲರ ಮೇಲೂ ರೇಗುತ್ತಿದ್ದಳು. ನಾವು ಹಳೆಯ ಮಾರ್ಕ್ಸು, ಹಳೆಯ ಹಟ, ಮೊಬೈಲು ಎಲ್ಲವನ್ನೂ ಎತ್ತಿ ಆಡಿದೆವು, ರೇಗಾಟ ಇನ್ನೂ ಹೆಚ್ಚಿತು. ಗ್ಯಾರೇಜಿನ ಒರೆಸುವ ಬಟ್ಟೆ ನೆನಪಾಯಿತು. ಹಳೆಯದರ ಸುದ್ದಿ ಎತ್ತುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡು ಎರಡು ದಿನ ಸುಮ್ಮನೆ ಗಮನಿಸಿದೆವು. ಸಂಜೆ ಪುಸ್ತಕ ಹಿಡಿದಾಗ ಹಣೆ ಒತ್ತಿಕೊಳ್ಳುತ್ತಿದ್ದಳು, ಗೋಡೆಯ ಗಡಿಯಾರವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬೋರ್ಡಿನ ಮೇಲೆ ಬರೆದದ್ದು ಅವಳಿಗೆ ಕಾಣುತ್ತಿರಲಿಲ್ಲ. ಈಗ ಕನ್ನಡಕ ಬಂದಿದೆ, ತಲೆನೋವಿಲ್ಲ, ರೇಗಾಟವೂ ಇಳಿದಿದೆ.

ಕಾರಿರುವ ಮನೆಯವರು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಓದಿ ಮುಗಿಸಿದ ಪತ್ರಿಕೆಯ ಹಾಳೆಯೊಂದನ್ನು ಇಂಜಿನ್ ಕೆಳಗೆ ಹಾಸಿ, ಹಾರದಂತೆ ಕಲ್ಲಿಟ್ಟು, ಬೆಳಿಗ್ಗೆ ನೋಡಿ. ಬರೀ ನೀರಿನ ಗುರುತಾದರೆ ಎಸಿಯದು, ಯೋಚನೆ ಬೇಡ. ಕಂದು ಅಥವಾ ಕಪ್ಪು ಜಿಡ್ಡಾದರೆ ಎಣ್ಣೆ. ಹಸಿರು, ಗುಲಾಬಿ ಬಣ್ಣದ ಅಂಟು ಹನಿಯಾದರೆ ಕೂಲೆಂಟ್. ಅದರ ರುಚಿ ಸಿಹಿ, ಆದರೆ ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡವನ್ನೇ ಕೆಡಿಸುವ ವಿಷ. ಗ್ಯಾರೇಜಿಗೆ ಹೊರಡುವ ಮುಂಚೆ ಆ ಜಾಗವನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಕಸಕ್ಕೆ ಹಾಕಿ, ನೆಲಕ್ಕೆ ಎರಡು ಬಕೆಟ್ ನೀರು ಸುರಿದುಬಿಡಿ. ಬೀದಿಯ ನಾಯಿಗಳು ಅದನ್ನು ನೆಕ್ಕುತ್ತವೆ.